ಪಂಢರಿನಾಥರಾಯರ ತೆಪ್ಪ

ಮದ್ರಾಸಿನ ಪೋರೂರಿನ ಜನ ಬಿಂದಿಗೆ ಹಿಡಿದು ನೀರಿನ ಲಾರಿ ಕಾಯುತ್ತಿದ್ದ ವರ್ಷ ನಮ್ಮ ಮನೆ ಮಾಲೀಕರು ದೋಣಿ ಕಟ್ಟಲು ತೀರ್ಮಾನಿಸಿದರು. ಇದನ್ನು ಕೇಳಿ ನಗುವ ಹಕ್ಕು ಊರಿನವರೆಲ್ಲರಿಗೂ ಇತ್ತು, ನನಗೊಬ್ಬನಿಗೆ ಇರಲಿಲ್ಲ. ನಾನು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಬ್ಯಾಂಕಿನವರು ನನ್ನನ್ನು ಮೈಸೂರಿನಿಂದ ಎತ್ತಿ ಮದ್ರಾಸಿಗೆ ಹಾಕಿದಾಗ, ತಮಿಳು ಬಾರದ ನನಗೆ ಕನ್ನಡ ಮಾತಾಡುವ ಮಾಲೀಕರು ಸಿಕ್ಕಿದ್ದೇ ದೊಡ್ಡ ಪುಣ್ಯ. ಅಂಥವರು ದೋಣಿ ಕಟ್ಟುತ್ತೇನೆ ಅಂದರೆ "ಒಳ್ಳೇದು ಸಾರ್" ಅನ್ನಬೇಕು. ಅಂದೆ.

ಮಾಲೀಕರ ಹೆಸರು ಪಂಢರಿನಾಥರಾಯರು. ಅಜ್ಜನ ಕಾಲದಿಂದ ಮದ್ರಾಸಿನಲ್ಲೇ ಬೇರು ಬಿಟ್ಟ ಮಾಧ್ವರ ಮನೆ. ಅವರು ಕನ್ನಡದಲ್ಲಿ ಶುರು ಮಾಡಿದ ವಾಕ್ಯ ದಾರಿಯಲ್ಲಿ ತಮಿಳು ಹತ್ತಿ ಇಂಗ್ಲಿಷಿನಲ್ಲಿ ಇಳಿಯುತ್ತಿತ್ತು. ರಾಯಪುರಂ ಬಂದರಿನ ಎದುರು ಒಂದು ಹಡಗು ಏಜೆಂಟರ ಕಚೇರಿಯಲ್ಲಿ ಸರ್ವಿಸು ಪೂರ್ತಿ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಸವೆಸಿದವರು. ಕಿಟಕಿಯಾಚೆ ದೇಶದೇಶದ ಹಡಗುಗಳು ಬಂದವು, ಹೋದವು. ರಾಯರು ಒಂದನ್ನೂ ಹತ್ತಲಿಲ್ಲ.

ಹತ್ತುವ ಅವಕಾಶ ಬಂದಿರಲಿಲ್ಲವೆಂದಲ್ಲ. ಒಮ್ಮೆ ಅವರ ಸಾಹೇಬರು ಸರಕು ನೋಡಿಕೊಂಡು ಬರಲು ಜೊತೆಗೆ ಕರೆದಿದ್ದರು. ಆಗ ರಾಯರ ತಾಯಿ ಬದುಕಿದ್ದರು. ಸಮುದ್ರ ದಾಟಬಾರದು ಎಂದರು. ದಾಟುವುದಿಲ್ಲ, ಹಡಗನ್ನು ಹಗ್ಗದಲ್ಲಿ ಕಟ್ಟಿ ನಿಲ್ಲಿಸಿದ್ದಾರೆ ಎಂದು ಮಗ ವಿವರಿಸಿದ. "ಹಗ್ಗ ಬಿಚ್ಚಿಕೊಂಡರೆ?" ಎಂದು ತಾಯಿ ಕೇಳಿದರು. ರಾಯರಿಗೆ ಉತ್ತರ ಹೊಳೆಯಲಿಲ್ಲ. ಅದು ಹೊಳೆಯುವುದರೊಳಗೆ ಅವರಿಗೆ ಸ್ವಯಂ ನಿವೃತ್ತಿ ಕೊಟ್ಟು ಮನೆಗೆ ಕಳಿಸಿದರು.

ಇಂಥವರಿಗೆ ಹುಚ್ಚು ಹತ್ತಿದ್ದು ಬ್ರೌಸಿಂಗ್ ಸೆಂಟರಿನಲ್ಲಿ. ಮಗಳು ಹರಿಪ್ರಿಯಾಳ ಪರೀಕ್ಷೆಯ ಫಲಿತಾಂಶ ನೋಡಲು ಹೋಗಿದ್ದರು. ಆ ಪುಟ ತೆರೆದುಕೊಳ್ಳಲು ತಡವಾಯಿತೆಂದು ಪಕ್ಕದ ಕಂಪ್ಯೂಟರಿನಲ್ಲಿ ಹೊತ್ತು ಕಳೆಯಲು "ಬೋಟ್" ಎಂದು ಒತ್ತಿದರು. ಮಗಳು ಪಾಸಾದ ಸುದ್ದಿ ಅವರಿಗೆ ತಿಳಿದದ್ದು ಮನೆಗೆ ಬಂದ ಮೇಲೆ, ಅವಳು ತಾಯಿಗೆ ಹೇಳುವಾಗ.

ಅವರು ಕಂಡದ್ದು ಟ್ರೈಮರಾನ್ ಎಂಬ ದೋಣಿ. ಅದಕ್ಕೆ ಒಂದಲ್ಲ, ಮೂರು ಒಡಲು. ನಡುವೆ ಉದ್ದನೆಯದೊಂದು, ಎರಡು ಪಕ್ಕಕ್ಕೂ ಸಣ್ಣವೆರಡು, ಮೂರನ್ನೂ ಹಿಡಿದಿಡುವ ಅಡ್ಡತೊಲೆಗಳು, ಮೇಲೊಂದು ಹಾಯಿ. ಪಕ್ಕದವು ಆತುಕೊಳ್ಳುವುದರಿಂದ ಸುಲಭಕ್ಕೆ ಮಗುಚುವುದಿಲ್ಲ. ಈಜು ಬಾರದ ರಾಯರಿಗೆ ಈ ಒಂದು ಮಾತೇ ಸಾಕಾಯಿತು. ಪ್ಲೈವುಡ್ ತಂದು ಮನೆಯ ಷೆಡ್ಡಿನಲ್ಲೇ ಕಟ್ಟಬಹುದು, ಟ್ರೇಲರಿಗೆ ಹೇರಿ ತಮ್ಮ ಹಳೆಯ ಪದ್ಮಿನಿ ಕಾರಿನ ಹಿಂದೆ ಸಿಕ್ಕಿಸಿ ನೀರಿದ್ದ ಕಡೆಗೆ ಎಳೆದೊಯ್ಯಬಹುದು ಎಂಬುದು ಅವರ ಲೆಕ್ಕಾಚಾರ.

"ನೀರು ಎಲ್ಲಿದೆ ಸಾರ್?" ಎಂದೆ. ಪೋರೂರು ಕೆರೆಯಲ್ಲಿ ಆಗ ಹುಡುಗರು ಕ್ರಿಕೆಟ್ ಆಡುತ್ತಿದ್ದರು.

"ಅದಕ್ಕೇ ಅಲ್ವಾ ಟ್ರೇಲರ್," ಅಂದರು. "ಇಲ್ಲಿ ಇಲ್ದಿದ್ರೆ ಎಣ್ಣೂರು. ಅಲ್ಲೂ ಶೆರಿ ಬರ್ದಿದ್ರೆ ಪುಲಿಕಾಟ್. ಬೋಟ್ ನಮ್ದು, ರೋಡ್ ನಮ್ದು."

ಆಮೇಲೆ ದನಿ ತಗ್ಗಿಸಿ, "ಒಂದೇ ಒಂದು ಸಲ ಸಾರ್. ನಾನೊಬ್ನೇ ಕೂತ್ಕೋಬೇಕು, ಹಾಯಿ ಹಗ್ಗ ನನ್ ಕೈಲೇ ಇರ್ಬೇಕು. ಅಷ್ಟ್ ದಾನ್," ಅಂದರು. ಅಷ್ಟೇ ಎಂಬುದನ್ನು ಅವರು ಅಷ್ಟ್ ದಾನ್ ಅನ್ನುತ್ತಿದ್ದರು. ಆಸೆ ಅಷ್ಟೇ ಆಗಿತ್ತು. ಅದಕ್ಕೆ ಅಡ್ಡ ಬಂದದ್ದು ಯಾವ ದೋಣಿ ಎಂಬ ಪ್ರಶ್ನೆ.

ಮೂರು ಮಾದರಿಗಳ ನಕ್ಷೆಗಳನ್ನು ರಾಯರು ಪ್ರಿಂಟ್ ತೆಗೆಸಿ ಹಾಲಿನ ಗೋಡೆಗೆ ಅಂಟಿಸಿದರು. ಪರದೇಶದ ಹೆಸರುಗಳು ನಾಲಿಗೆಗೆ ಒಗ್ಗದೆ ಅವುಗಳಿಗೆ ತಾವೇ ನಾಮಕರಣ ಮಾಡಿದರು: ಮಡಚೋದು, ಜಾರೋದು, ಕಟ್ಟೋದು. ಮಡಚೋದರಲ್ಲಿ ಪಕ್ಕದ ಒಡಲುಗಳು ಕೀಲಿನ ಮೇಲೆ ಮಡಚಿಕೊಂಡು ನಡುವಿನದಕ್ಕೆ ಒರಗುತ್ತಿದ್ದವು. ನೋಡಲು ಬಹಳ ಚೆಂದ. ಆದರೆ ಆ ಕೀಲು ಮಾಡಿಕೊಡೆಂದು ಅಂಬತ್ತೂರಿನ ಲೇತ್ ಅಂಗಡಿಗೆ ಹೋದಾಗ ಅಂಗಡಿಯವನು ಚಿತ್ರವನ್ನು ತಿರುಗಿಸಿ ನೋಡಿ, ಇದು ರೋಗಿಯ ಮಂಚವೇ ಎಂದು ಕೇಳಿದ. ಜಾರೋದರಲ್ಲಿ ತೊಲೆಗಳು ಒಂದರೊಳಗೊಂದು ಸರಿದು ದೋಣಿ ಅಗಲ ಕಡಿಮೆ ಮಾಡಿಕೊಳ್ಳುತ್ತಿತ್ತು. ಎಣ್ಣೂರಿನ ಉಪ್ಪುಗಾಳಿಗೆ ಅವು ಸಿಕ್ಕಿಹಾಕಿಕೊಂಡರೆ ಆ ಅಗಲವನ್ನು ಇಟ್ಟುಕೊಂಡು ರಸ್ತೆಯಲ್ಲಿ ಮನೆಗೆ ಬರುವುದು ಹೇಗೆ ಎಂಬುದು ರಾಯರ ನಿದ್ದೆ ಕೆಡಿಸಿತು. ಕಟ್ಟೋದು ಎಲ್ಲಕ್ಕಿಂತ ಸರಳ. ಮೂರು ಒಡಲನ್ನೂ ಬಿಡಿಬಿಡಿಯಾಗಿ ಒಯ್ದು, ದಡದಲ್ಲಿ ತೊಲೆ ಅಡ್ಡ ಇಟ್ಟು, ಹಗ್ಗ ಸುತ್ತಿ ಬಿಗಿಯುವುದು. ಆದರೆ ಅದರ ಮುಂದೆ ನಿಂತಾಗಲೆಲ್ಲ ರಾಯರಿಗೆ ತಾಯಿಯ ಪ್ರಶ್ನೆ ನೆನಪಾಗುತ್ತಿತ್ತು. ಹಗ್ಗ ಬಿಚ್ಚಿಕೊಂಡರೆ?

ರಾಯರು ಆರಿಸುವ ವಿಷಯದಲ್ಲಿ ಮೊದಲಿನಿಂದಲೂ ಕಷ್ಟದ ಮನುಷ್ಯ. ಬದನೆಕಾಯಿ ತರಲು ಹೋದರೆ ಅಂಗಡಿಯವಳೇ ಬೇಸತ್ತು ತಾನೇ ಆರಿಸಿ ಚೀಲಕ್ಕೆ ಹಾಕಿ ಕಳಿಸುತ್ತಿದ್ದಳು. ಹೀಗಿರುವಾಗ ದೋಣಿ. ಸೀರೆಯ ರಟ್ಟಿನ ಡಬ್ಬಿಗಳನ್ನು ಕತ್ತರಿಸಿ ಮೂರಕ್ಕೂ ಮಾದರಿ ಮಾಡಿದರು, ಊಟದ ಮೇಜಿನ ಮೇಲೆ ಓಡಿಸಿದರು. ಗೇಟಿನ ಅಗಲ ಅಳೆದರು, ಅದು ಹಿಗ್ಗೀತೆಂಬ ಆಸೆಯಿಂದ ಮತ್ತೆ ಅಳೆದರು. ಬೆಳಿಗ್ಗೆ ಮಡಚೋದು ಅಂದರೆ ಸಂಜೆ ಜಾರೋದು. ಹರಿಪ್ರಿಯಾ ಒಂದು ದಿನ ತಟ್ಟೆಯ ಪಕ್ಕದಿಂದ ರಟ್ಟಿನ ದೋಣಿಯನ್ನು ಸರಿಸುತ್ತ, "ಅಪ್ಪಾ, ಏದಾವದು ಒಂದು ಸೆಲೆಕ್ಟ್ ಪಣ್ಣುಪ್ಪಾ. ಸಾಂಬಾರ್‌ಲ ಬೋಟ್ ವರುದು," ಎಂದಳು. ಯಾವುದಾದರೂ ಒಂದನ್ನು ಆರಿಸಪ್ಪಾ, ಸಾಂಬಾರಿನಲ್ಲಿ ದೋಣಿ ಬರುತ್ತಿದೆ ಅಂತ. ಆ ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಂದ ಬರುವಾಗ ಮಾತ್ರ ತಮಿಳಾಗುತ್ತಿತ್ತು.

ರಾಯರ ಹೆಂಡತಿ ಊರ್ಮಿಳಮ್ಮ ಇದಾವುದಕ್ಕೂ ತಲೆ ಹಾಕಲಿಲ್ಲ. ಆಕೆ ಟಿ. ನರಸೀಪುರದವರು, ಕಾವೇರಿ ಕಪಿಲೆ ಎರಡನ್ನೂ ನೋಡಿಕೊಂಡು ಬೆಳೆದವರು. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಆಕೆಯ ಕನ್ನಡಕ್ಕೆ ಮದ್ರಾಸಿನ ಗಾಳಿ ತಗುಲಿರಲಿಲ್ಲ. ಮುಂದಿನ ಅನಾಹುತಕ್ಕೆಲ್ಲ ಕಾರಣವಾದದ್ದು ಆ ಶುದ್ಧ ಕನ್ನಡವೇ.

ಅಂದು ಬೀದಿಯಲ್ಲಿ ಲಾರಿಗೆ ಕಾಯುತ್ತ ಸಾಲು ನಿಂತಿತ್ತು. ಊರ್ಮಿಳಮ್ಮನ ಹಿಂದೆ ವೃಂದಾ ಮಾಮಿ. ಪಕ್ಕದ ಬೀದಿಯವರು, ಹಿತ್ತಲು ಮಾತ್ರ ನಮ್ಮ ಹಿತ್ತಲಿಗೆ ಅಂಟಿಕೊಂಡದ್ದು, ಹುಟ್ಟಿ ಬೆಳೆದದ್ದು ತಿರುವಲ್ಲಿಕ್ಕೇಣಿಯ ದೇವಸ್ಥಾನದ ಕೊಳದ ಪಕ್ಕದಲ್ಲಿ. ಅವರ ಬಳಿಗೆ ಹೋದ ಸುದ್ದಿ ರೇಡಿಯೋಗೆ ಹೋದ ಹಾಗೇ.

"ಏನ್ ಊರ್ಮಿಳಾ, ನಿಮ್ಮಾತ್ನಲ್ಲಿ, ನಿಮ್ಮನೇಲಿ, ಸದಾ ರಟ್ಟು ಕತ್ರಿಸೋ ಸದ್ದು? ರಾಯ್ರು ಏನ್ ಮಾಡ್ತಿದಾರೆ?"

"ಏನೋಪ್ಪ, ತೆಪ್ಪ ಕಟ್ತಾರಂತೆ ಕಣ್ರೀ," ಎಂದರು ಊರ್ಮಿಳಮ್ಮ.

ನರಸೀಪುರದಲ್ಲಿ ತೆಪ್ಪ ಎಂದರೆ ಹೊಳೆ ದಾಟುವ ಸಾಧನ. ಅದರಲ್ಲಿ ಮನುಷ್ಯರು ಕೂರುತ್ತಾರೆ, ಕುರಿಯೂ ಕೂರುತ್ತದೆ. ತಿರುವಲ್ಲಿಕ್ಕೇಣಿಯವರಿಗೆ ತೆಪ್ಪ ಎಂದರೆ ತೆಪ್ಪೋತ್ಸವ. ದೀಪ ಹೂವು ಕಟ್ಟಿ, ದೇವರನ್ನು ಕೂರಿಸಿ, ಕೊಳದಲ್ಲಿ ಸುತ್ತಿಸುವುದು. ವೃಂದಾ ಮಾಮಿ ಬಿಂದಿಗೆ ಕೆಳಗಿಟ್ಟು ಕೆನ್ನೆ ಕೆನ್ನೆ ಬಡಿದುಕೊಂಡರು.

"ಅಯ್ಯೋ ನಮ್ಮಪ್ಪಾ. ಮಳೆ ಬಂದು ಏರಿ ತುಂಬಿದ್ರೆ ಸ್ವಾಮಿಗೆ ತೆಪ್ಪಂ ಬಿಡ್ತೀನಂತ ಹರಕೆಯಾ? ಊರಿಗೋಸ್ಕರ ಬೇಡಿಕೊಂಡಿದಾರಾ?" ಏರಿ ಎಂದರೆ ತಮಿಳಿನಲ್ಲಿ ಕೆರೆ.

ಅದೇ ಗಳಿಗೆಗೆ ಮೂಲೆಯಲ್ಲಿ ಲಾರಿ ತಿರುಗಿತು. ಲಾರಿ ಕಂಡ ಮೇಲೆ ಪೋರೂರಿನಲ್ಲಿ ಯಾರೂ ಯಾರ ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಊರ್ಮಿಳಮ್ಮ "ಹೂಂ ಹೂಂ" ಎಂದು ಬಿಂದಿಗೆ ಎತ್ತಿಕೊಂಡು ಪೈಪಿನ ಕಡೆಗೆ ಓಡಿದರು.

ಸಂಜೆಗೆ ಉಪೇಂದ್ರ ಮಾಮಾ ಬಂದಿಳಿದರು. ಇವರು ರಾಯರ ಸೋದರಮಾವ, ಸಮಾಜದ ಭಜನಾ ಮಂದಿರದ ಕಾರ್ಯದರ್ಶಿ, ಮದ್ರಾಸಿನ ಕನ್ನಡ ಮಾಧ್ವರಲ್ಲಿ ಯಾರ ಮನೆಯಲ್ಲಿ ಏನೇ ನಡೆದರೂ ಮೊದಲ ಪಂಕ್ತಿಯಲ್ಲಿ ಕೂರುವವರು. ಸೋದರಳಿಯನನ್ನು ಅವರು ಹುಟ್ಟಿದಂದಿನಿಂದ ಕರೆಯುತ್ತಿದ್ದದ್ದು "ಉದವಾಕ್ಕರೆ" ಎಂದು. ಕೆಲಸಕ್ಕೆ ಬಾರದವನು ಎಂಬುದಕ್ಕೆ ತಮಿಳಿನಲ್ಲಿ ಅಷ್ಟು ಚೆನ್ನಾದ ಪದ ಇದೆಯೆಂದು ನನಗೆ ಗೊತ್ತಾದದ್ದೂ ಅವರಿಂದಲೇ.

ಅಂದು ಅವರು ಚಪ್ಪಲಿ ಬಿಟ್ಟು ನೆಟ್ಟಗೆ ಗೋಡೆಯ ಮುಂದೆ ಹೋಗಿ ನಿಂತರು. ನಕ್ಷೆಗಳನ್ನು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಮೂರು," ಎಂದರು. "ನಡುವೆ ಸ್ವಾಮಿ. ಈ ಕಡೆ ಶ್ರೀದೇವಿ. ಆ ಕಡೆ ಭೂದೇವಿ. ಒಬ್ಬೊಬ್ಬರಿಗೂ ತನಿ ತೆಪ್ಪಂ, ಬೇರೆ ಬೇರೆ. ಪಂಢರಿ, ಇದುವರೆಗೂ ಯಾರಿಗಾದ್ರೂ ತೋಚಿದೆಯೇನೋ ಇದು?"

"ಇಲ್ಲ ಮಾಮಾ, ಅದು ಬಂದ್ಬಿಟ್ಟು..."

"ಇಷ್ಟ್ ದೊಡ್ಡ ಕಾರ್ಯ ಮಾಡ್ತಿದ್ದಿ, ಒಂದ್ ವಾರ್ತೆ ಹೇಳ್ಬಾರ್ದಾ? ನಾನು ನಿನ್ನ ಉದವಾಕ್ಕರೆ ಅಂದಿದೀನಲ್ಲೋ. ಎಷ್ಟು ಸಲ ಅಂದಿದೀನಿ." ಮಾಮಾ ಅಳಿಯನನ್ನು ತಬ್ಬಿಕೊಂಡರು.

ರಾಯರ ಬಾಯಿ ತೆರೆದೇ ಇತ್ತು. ಹೇಳಬೇಕಾದದ್ದು ಅಲ್ಲೇ ತುದಿಯಲ್ಲಿತ್ತು. ಆದರೆ ಅವರನ್ನು ಜನ್ಮದಲ್ಲಿ ಯಾರೂ ಹಾಗೆ ತಬ್ಬಿಕೊಂಡಿರಲಿಲ್ಲ. ಮಾಮಾನ ಭುಜದ ಮೇಲಿಂದ, ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿ, ಕಣ್ಣು ಮಿಟುಕಿಸಿ, ಬಾಯಿ ಮುಚ್ಚಿಕೊಂಡರು. ಆ ಬಾಯಿ ತೆರೆಸಲು ನಾನು ಯಾರು? ಮಹಡಿಯವನು.

ಮರುದಿನ ಮಾಮಾ ಭಜನಾ ಮಂದಿರದ ಅರ್ಚಕ ಗುರುಚರಣಾಚಾರ್ಯರನ್ನು ಕರೆತಂದರು. ಊರ್ಮಿಳಮ್ಮ ಒಳಗಿಂದ ಕಾಫಿ ತರುವಷ್ಟರಲ್ಲಿ ಆಚಾರ್ಯರು ಗೋಡೆಯ ಮುಂದೆ ಪದ್ಮಾಸನ ಹಾಕಿದ್ದರು.

"ಇದು ಏನು?"

"ಅದು ಮಡಚೋದು, ಆಚಾರ್ರೇ. ಪಕ್ಕದ ಎರಡೂ ಹೀಗೆ ಮಡ್ಚ್ಕೊಂಡ್ಬಿಡತ್ತೆ."

ಆಚಾರ್ಯರು ಕಣ್ಣು ಮುಚ್ಚಿದರು. "ಶ್ರೀದೇವಿ ಭೂದೇವಿಯರನ್ನ ಮಡಚ್ತೀರಾ?"

ಮಾಮಾ ಎದ್ದುಹೋಗಿ ಮಡಚೋದನ್ನು ಗೋಡೆಯಿಂದ ಕಿತ್ತರು.

"ಇದು ಜಾರೋದು," ಎಂದರು ರಾಯರು, ದನಿ ಇಳಿಸಿ.

"ಸ್ವಾಮಿ ಕೂತಿರುವಾಗ ಜಾರೋದು ಅನ್ನೋ ಶಬ್ದವೇ ಬೇಡ," ಎಂದರು ಆಚಾರ್ಯರು. ಅದೂ ಹೋಯಿತು. "ಉಳಿದದ್ದು?"

"ಕಟ್ಟೋದು. ಹಗ್ಗದಲ್ಲಿ..."

"ದೇವರನ್ನ ಭಕ್ತಿಯ ಹಗ್ಗದಲ್ಲಿ ಕಟ್ಟೋದು. ಇದೇ."

ಕಾಫಿ ಬಂತು. ರಾಯರು ಆ ಬೇಸಿಗೆಯೆಲ್ಲ ಒದ್ದಾಡಿದರೂ ಆಗದಿದ್ದ ಆಯ್ಕೆ ಕಾಫಿ ಬರುವುದರೊಳಗೆ ಮುಗಿದಿತ್ತು. ಲೋಟ ಕೆಳಗಿಡುವಷ್ಟರಲ್ಲಿ ಉಳಿದದ್ದೂ ಮುಗಿಯಿತು. ನಡುವಿನ ಒಡಲಿನಲ್ಲಿ ಸ್ವಾಮಿಗೆ ಮಂಟಪ, ಪಕ್ಕದವುಗಳಲ್ಲಿ ದೇವಿಯರಿಗೆ ಪೀಠ. ಹಾಯಿ ಇರಬಹುದು, ಆದರೆ ಅದರ ಮೇಲೆ ಶಂಖ ಚಕ್ರ ಬರೆಸಬೇಕು. ತೊಲೆಗಳಿಗೆ ಬಾಳೆಕಂಬ.

"ಹಾಗಾದ್ರೆ," ಎಂದರು ರಾಯರು, "ಓಡ್ಸೋವ್ನು ಎಲ್ಲಿ ಕೂತ್ಕೋತಾನೆ?"

ಮಾಮಾ ನಕ್ಕರು. "ತೆಪ್ಪಂ ಯಾರಾದ್ರೂ ಓಡಿಸ್ತಾರೇನೋ? ದಡದಿಂದ ಹಗ್ಗ ಹಿಡಿದು ಎಳೀಬೇಕು. ಮೊದಲ ಮರ್ಯಾದೆ ನಿಂಗೇ. ಹಗ್ಗ ನೀನೇ ಹಿಡಿ."

ಹಾಯಿಯ ಹಗ್ಗ ಹಿಡಿಯಬೇಕೆಂದಿದ್ದ ಮನುಷ್ಯನಿಗೆ ದಡದ ಹಗ್ಗ ಕೊಟ್ಟರು. ರಾಯರು "ಶೆರಿ ಮಾಮಾ" ಎಂದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಕೆರೆಗೆ ಅನುಮತಿ ಬೇಕಿತ್ತು. ಮಾಮಾನ ಹಿಂದೆ ರಾಯರು, ರಾಯರ ಹಿಂದೆ ನಾನು, ನೀರಾವರಿ ಇಲಾಖೆಯ ಒಂದು ಕಚೇರಿಗೆ ಹೋದೆವು. ಎಂಜಿನಿಯರು ಮೇಜಿನ ಮೇಲೆ ತಲೆ ಊರಿ ಫ್ಯಾನಿನ ಗಾಳಿ ಕುಡಿಯುತ್ತಿದ್ದರು. ರಾಯರು ಸತ್ಯಸಂಧರಾಗಿ "ಬೋಟ್" ಎಂದುಬಿಟ್ಟರು.

"ಬೋಟಾ? ನೋ ಸಾರ್. ಏರಿಲ ಬೋಟ್ ವಿಡಕೂಡಾದು. ರೂಲ್ಸ್ ಇಲ್ಲೆ."

ರಾಯರ ಮುಖ ಅರಳಿದ್ದನ್ನು ನಾನು ನೋಡಿದೆ. ಇಲ್ಲಿ ಬಿಡುವಂತಿಲ್ಲವಾದರೆ ಸ್ವಾಮಿ ಮಂದಿರದಲ್ಲೇ ಉಳಿದರು, ಎಣ್ಣೂರು ಉಳಿಯಿತು, ಕೂರುವ ಜಾಗವೂ ಉಳಿಯಿತು. ಆದರೆ ಮಾಮಾ ಮುಂದೆ ಬಾಗಿ, "ಬೋಟ್ ಇಲ್ಲೆ ಸಾರ್. ತೆಪ್ಪಂ," ಎಂದರು.

ಎಂಜಿನಿಯರು ತಲೆ ಎತ್ತಿದರು. ಮೇಜಿನ ಕೆಳಗೆ ಅವರು ಚಪ್ಪಲಿ ಕಳಚಿದ ಸದ್ದು ಕೇಳಿಸಿತು. "ಸಾಮಿ ಕಾರ್ಯಮಾ? ಅದೈ ಮೊದಲ್ಲೇ ಸೊಲ್ಲಕೂಡಾದಾ?" ದೇವರ ಕೆಲಸ ಎಂದು ಮೊದಲೇ ಹೇಳಬಾರದೇ ಅಂತ. ಅಷ್ಟು ತಮಿಳು ನನಗೂ ಬಂದಿತ್ತು. ಕೆರೆಯಲ್ಲಿ ಹೇಗೂ ನೀರಿರಲಿಲ್ಲ, ಬಂದಾಗ ಬಿಟ್ಟುಕೊಳ್ಳಿ ಎಂದು ಅವರು ಬಾಯಿಮಾತಿನಲ್ಲೇ ಅಪ್ಪಣೆ ಕೊಟ್ಟರು. ಆ ದಿನ ತಾನೂ ಕುಟುಂಬದೊಡನೆ ಬರುತ್ತೇನೆ ಎಂದೂ ಹೇಳಿದರು.

ಕೆಲಸ ಶುರುವಾಯಿತು. ಪ್ಲೈವುಡ್ಡನ್ನು ಒಬ್ಬ ಭಕ್ತರು ಕೊಟ್ಟರು, ಅಂಟನ್ನು ಇನ್ನೊಬ್ಬರು. ದಿನವೂ ಯಾರಾದರೊಬ್ಬ ಮಾಮಿ ಷೆಡ್ಡಿಗೆ ಬಂದು ಅರ್ಧ ಅಂಟಿಸಿದ ಒಡಲಿಗೆ ಅರಿಸಿನ ಕುಂಕುಮ ಹಚ್ಚಿ ಹೋಗುತ್ತಿದ್ದರು. ಹಚ್ಚಿದ ಕಡೆ ಅಂಟು ಹಿಡಿಯುತ್ತಿರಲಿಲ್ಲ, ರಾಯರು ಅದನ್ನು ಉಜ್ಜಿ ತೆಗೆದು ಮತ್ತೆ ಅಂಟಿಸುತ್ತಿದ್ದರು. ಬೇಸರ ಮಾಡಿಕೊಂಡವರೇ ಅಲ್ಲ. ಲುಂಗಿ ಮೇಲೆ ಕಟ್ಟಿ, ಮೂಗಿಗೆ ಟವೆಲು ಸುತ್ತಿ, ತುಂಡು ತುಂಡು ಹಲಗೆ ಬಾಗಿಸುತ್ತ, ಬಾಗಿದ ಹಲಗೆಯನ್ನು ಅಂಗೈಯಿಂದ ಸವರುತ್ತ ಇರುತ್ತಿದ್ದರು. ಆ ಮನುಷ್ಯನಿಗೆ ಎರಡು ಕೈ ಇವೆಯೆಂದು ಆಗ ಎಲ್ಲರಿಗೂ ಗೊತ್ತಾಯಿತು. ಆರಿಸುವುದು ಬಾರದಿದ್ದರೂ ಮಾಡುವುದು ಬರುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಪೇಪರು ಕೇಳಲು ಕೆಳಗಿಳಿದೆ. ಷೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ರಾಯರು ನಡುವಿನ ಒಡಲಿನಲ್ಲಿ ಕೂತಿದ್ದರು. ಮಂಟಪವನ್ನು ಪಕ್ಕಕ್ಕೆ ಎತ್ತಿಟ್ಟಿದ್ದರು. ಅದು ಕಳಚಿಡುವ ಹಾಗೆ ಮಾಡಿದ್ದೆಂದು ನನಗೆ ಆಗಲೇ ತಿಳಿದದ್ದು. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಗೋಡೆಯ ಮೊಳೆಗೆ ಕಟ್ಟಿದ ಹುರಿ. ಹುರಿ ಎಳೆಯುವರು, ಸಡಿಲ ಬಿಡುವರು, ಮೈಯನ್ನು ಎಡಕ್ಕೆ ವಾಲಿಸುವರು, ಬಲಕ್ಕೆ ವಾಲಿಸುವರು. ಎದುರಿಗೆ ಸುಣ್ಣದ ಗೋಡೆ. ನನಗೆ ನಗು ಬರಲಿಲ್ಲ. ಸಂಕಟವಾಯಿತು. ಸದ್ದಿಲ್ಲದೆ ಹಿಂದೆ ಸರಿದೆ.

ಸರಿದವನು ತಿರುಗಿದರೆ ಅಡಿಗೆಮನೆಯ ಕಿಟಕಿಯಲ್ಲಿ ಊರ್ಮಿಳಮ್ಮ ಸೌಟು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ.

"ಇವರು ಹರಕೆ ಗಿರಕೆ ಏನೂ ಹೊತ್ತಿರಲಿಲ್ಲ, ಅಲ್ವಾ?" ಎಂದರು ಮೆಲ್ಲಗೆ.

"ನನಗೆ ಹೇಗೆ ಗೊತ್ತಾಗಬೇಕಮ್ಮ," ಎಂದೆ. ಬಾಡಿಗೆದಾರನ ಉತ್ತರ.

"ನಮ್ಮೂರ ಕಡೆ ನೀರ ಮೇಲೆ ತೇಲೋದಕ್ಕೆಲ್ಲ ತೆಪ್ಪ ಅಂತೀವಿ. ಇಲ್ಲಿ ಆ ಮಾತಿಗೆ ದೇವರು ಬಂದು ಕೂತ್ಕೋತಾನೆ ಅಂತ ನನಗೇನ್ರೀ ಗೊತ್ತು. ಇವರಾದರೂ ಹೇಳಬಾರದಿತ್ತಾ, ನನಗೆ ಅಂತ ಕಟ್ಕೋತಿದೀನಿ ಅಂತ."

"ಮಾಮಾಗೆ ಹೇಳಿಬಿಡಿ, ಈಗಲಾದರೂ."

"ಈಗ ಹೇಳಿದರೆ ಮಾಮಾ ಮತ್ತೆ ಇವರನ್ನ ಆ ಹೆಸರಿಂದ ಕರೀತಾರೆ," ಎಂದು ಊರ್ಮಿಳಮ್ಮ ಒಳಗೆ ಹೋದರು. ಒಳಗಿನಿಂದ ಸೌಟು ಪಾತ್ರೆಗೆ ಬಡಿದ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ತಮಿಳರ ಐಪ್ಪಸಿ ತಿಂಗಳಿಗೆ, ಅಂದರೆ ದೀಪಾವಳಿಯ ಸುಮಾರಿಗೆ, ಸರಿಯಾಗಿ ಮಳೆ ಹಿಡಿಯಿತು. ಆ ತಿಂಗಳಲ್ಲಿ ಮದ್ರಾಸಿನಲ್ಲಿ ಮಳೆ ಬರುವುದು ವಾಡಿಕೆ. ಎರಡು ಮೂರು ವರ್ಷ ಕೈಕೊಟ್ಟಿದ್ದು ಈ ಸಲ ಬಂತು, ಅಷ್ಟೇ. ಆದರೆ ಈ ಮಾತನ್ನು ಬೀದಿಯಲ್ಲಿ ಆಡುವ ಧೈರ್ಯ ಯಾರಿಗಿತ್ತು. ಕೆರೆಯಲ್ಲಿ ವಿಕೆಟ್ಟು ನೆಟ್ಟ ಜಾಗ ಮುಳುಗಿತು, ಬಟ್ಟೆ ಒಗೆಯುವ ಕಲ್ಲು ಮುಳುಗಿತು. ವೃಂದಾ ಮಾಮಿ ಬಂದು ರಾಯರಿಗೆ ಅಡ್ಡಬಿದ್ದರು. ಎದ್ದು, ನಮ್ಮ ಹಿತ್ತಲಿನಲ್ಲಿ ಮೊಣಕಾಲಷ್ಟು ನೀರು ನಿಂತಿದೆ, ಇನ್ನು ಸಾಕು ಅಂತ ಹೇಳಿ ಎಂದು ಬೇಡಿಕೊಂಡರು.

ಮಳೆ ಬಿಟ್ಟ ಒಂದು ಒಳ್ಳೆಯ ದಿನ ತೆಪ್ಪ ಹೊರಟಿತು. ಕಟ್ಟೋದು ಆಗಿದ್ದರಿಂದ ಗೇಟು ಉಳಿಯಿತು. ಮೂರು ಒಡಲೂ ಬಿಡಿಯಾಗಿ, ಒಂದೊಂದಾಗಿ ಹೊರಬಂದು ಟ್ರೇಲರ್ ಹತ್ತಿದವು. ಪದ್ಮಿನಿ ಬೀದಿಯ ತುದಿಯವರೆಗೆ ಎಳೆದು, ಅಲ್ಲಿ ಒಂದು ಸಲ ಕೆಮ್ಮಿ ನಿಂತುಬಿಟ್ಟಿತು. ಅಲ್ಲಿಂದ ಮುಂದೆ ಭಕ್ತರು ಕಾರನ್ನು ತಳ್ಳಿದರು, ಕಾರು ಟ್ರೇಲರನ್ನು ಎಳೆಯಿತು. ಒಳಗೆ ರಾಯರು ಸ್ಟಿಯರಿಂಗ್ ಹಿಡಿದು ಗಂಭೀರವಾಗಿ ಕೂತಿದ್ದರು.

ಕೆರೆಯ ದಂಡೆಯಲ್ಲಿ ನಾದಸ್ವರ ಕಾಯುತ್ತಿತ್ತು. ಎಂಜಿನಿಯರು ಹೆಂಡತಿ ಮಕ್ಕಳ ಸಮೇತ ಬಂದಿದ್ದರು. ರಾಯರು ತೊಲೆಗಳನ್ನು ಅಡ್ಡ ಇಟ್ಟು ಒಂದೊಂದು ಗಂಟನ್ನೂ ತಾವೇ ಹಾಕಿದರು, ಬೇರೆಯವರನ್ನು ಮುಟ್ಟಗೊಡಲಿಲ್ಲ. ಮಂಟಪ ಏರಿತು, ಬಾಳೆಕಂಬ ನಿಂತಿತು. ನೀರಿಗೆ ತಳ್ಳಿದಾಗ ಆ ಮೂರು ಒಡಲು ಒಟ್ಟಿಗೆ, ಅಲುಗದೆ ತೇಲಿದವು. ರಾಯರು ಮಂಡಿಯುದ್ದ ನೀರಿನಲ್ಲಿ ನಿಂತು ನೋಡಿದರು. ಆಮೇಲೆ ದಡಕ್ಕೆ ಬಂದು, ಮಾಮಾ ಕೊಟ್ಟ ಹಗ್ಗದ ತುದಿಯನ್ನು ಹಿಡಿದುಕೊಂಡರು.

ಗುರುಚರಣಾಚಾರ್ಯರು ಉತ್ಸವಮೂರ್ತಿಯನ್ನು ಎದೆಗವಚಿಕೊಂಡು ಕೊಡೆಯ ಕೆಳಗಿನಿಂದ ಮುಂದೆ ಬಂದರು, ನಾದಸ್ವರ ಶುರುವಾಯಿತು.

"ಆಚಾರ್ರೇ, ಒಂದು ನಿಮಿಷ." ಊರ್ಮಿಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡ್ಡ ನಿಂತಿದ್ದರು. "ಇದು ಮುಳುಗಲ್ಲ ಅಂತ ಯಾರಿಗೆ ಗೊತ್ತು?"

ನಾದಸ್ವರ ನಿಂತಿತು.

"ಕಟ್ಟಿದವರು ನಮ್ಮನೆಯವರು. ಮನೇಲಿ ಒಂದು ಮಣೆಗೆ ಮೊಳೆ ಹೊಡೆದವರಲ್ಲ. ನೀರಿಗೆ ಇಳಿದ ಕೂಡಲೇ ದೇವರನ್ನ ಕೂರಿಸಿ ಕಳಿಸಿಬಿಡ್ತೀರಾ? ನಡುಗೆರೇಲಿ ಗಂಟು ಬಿಚ್ಕೊಂಡರೆ ಸ್ವಾಮಿನ ಯಾರು ಎತ್ಕೊಂಡು ಬರ್ತಾರೆ?"

ಆಚಾರ್ಯರು ಮೂರ್ತಿಯನ್ನು ಇನ್ನೂ ಬಿಗಿಯಾಗಿ ಹಿಡಿದು ಎರಡು ಹೆಜ್ಜೆ ಹಿಂದೆ ಹೋದರು.

"ಮೊದಲು ಯಾರಾದರೂ ಒಬ್ಬರು ಕೂತು ಒಂದು ಸುತ್ತು ಹೋಗಿ ಬರಲಿ. ಮಾಮಾ, ನೀವು ಹಿರಿಯರು."

"ನಂಗೆ ಮೊಣಕಾಲು," ಎಂದರು ಮಾಮಾ. ಅದುವರೆಗೂ ಅವರಿಗೆ ಮೊಣಕಾಲಿನ ತೊಂದರೆ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಆಚಾರ್ಯರು ಮಡಿಯಲ್ಲಿದ್ದರು. ಎಂಜಿನಿಯರು ಮಕ್ಕಳ ತಲೆ ಸವರಿದರು. ಊರ್ಮಿಳಮ್ಮ ನನ್ನ ಕಡೆ ತಿರುಗಿದರು. ಮಾಲೀಕರು ಇರುವಾಗ ಬಾಡಿಗೆದಾರ ಮುಂದೆ ಹೋಗುವುದು ಉಚಿತವಲ್ಲ ಎಂದು ನಾನು ಅರಿಕೆ ಮಾಡಿಕೊಂಡೆ.

"ಹಾಗಾದರೆ ಇವರೇ ಹೋಗಲಿ," ಎಂದರು ಊರ್ಮಿಳಮ್ಮ. "ಮುಳುಗಿದರೆ ನನ್ನ ಗಂಡ ಮುಳುಗ್ತಾರೆ. ದೇವರು ಉಳ್ಕೋತಾನೆ."

ಇದಕ್ಕೆ ಎದುರಾಡಲು ಶಾಸ್ತ್ರದಲ್ಲೂ ಏನೂ ಇರಲಿಲ್ಲವೆಂದು ಕಾಣುತ್ತದೆ. ಆಚಾರ್ಯರು ತಲೆಯಾಡಿಸಿದರು. ರಾಯರು ಹೆಂಡತಿಯ ಮುಖ ನೋಡಿದರು. ಆಕೆ ಅವರನ್ನು ನೋಡಲಿಲ್ಲ, ಬಾಳೆಕಂಬ ತೆಗೆಯಿರಿ ಎಂದು ಯಾರಿಗೋ ಹೇಳುತ್ತಿದ್ದರು. ರಾಯರ ಕೈಯಿಂದ ದಡದ ಹಗ್ಗವನ್ನು ಆಕೆಯೇ ತೆಗೆದುಕೊಂಡರು. ಹರಿಪ್ರಿಯಾ ಗಾಳಿ ತುಂಬಿದ ಕಾರಿನ ಟ್ಯೂಬೊಂದನ್ನು ಅಪ್ಪನ ತಲೆಯ ಮೇಲಿಂದ ಇಳಿಸಿ, "ಪಾತ್ತುಪ್ಪಾ," ಎಂದಳು. ಆಮೇಲೆ, ಅವಳ ಬಾಯಿಂದ ಕನ್ನಡವನ್ನು ನಾನು ಮೊದಲ ಸಲ ಕೇಳಿದ್ದು, "ಹುಷಾರು," ಎಂದಳು.

ರಾಯರು ಮಂಟಪ ಕಳಚಿ ಮಗಳ ಕೈಗೆ ಕೊಟ್ಟು ಒಳಗೆ ಕೂತರು. ಹಾಯಿ ಬಿಚ್ಚಿದರು. ಶಂಖ ಚಕ್ರ ಗಾಳಿಗೆ ಉಬ್ಬಿದವು. ದಂಡೆಯ ಜನ ಗೋವಿಂದ ಎಂದರು. ದೋಣಿ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಹೊರಟಿತು. ಊರ್ಮಿಳಮ್ಮನ ಕೈಯಿಂದ ಹಗ್ಗ ಸರಸರನೆ ಓಡಿತು.

"ಊರ್ಮಿಳಾ, ಬಿಗಿಯಾಗಿ ಹಿಡಿ, ತುದಿ ಬಂತು," ಎಂದರು ಮಾಮಾ.

ಊರ್ಮಿಳಮ್ಮ ಎರಡೂ ಕೈ ಬಿಡಿಸಿದರು. ಹಗ್ಗದ ತುದಿ ನೀರಿಗೆ ಬಿದ್ದು ದೋಣಿಯ ಹಿಂದೆಯೇ ಹೋಯಿತು.

ರಾಯರು ಸೀದಾ ಕೆರೆಯ ಆಚೆ ದಡದವರೆಗೆ ಹೋಗಿ ಜೊಂಡಿನೊಳಗೆ ನುಗ್ಗಿದರು. ನಮಗೆ ಹಾಯಿಯ ತುದಿ ಮಾತ್ರ ಕಾಣುತ್ತಿತ್ತು. ಮಾಮಾ ದೇವರ ಹೆಸರು ಹೇಳುತ್ತಿದ್ದರು. ಬಹಳ ಹೊತ್ತಿನ ಮೇಲೆ ಹಾಯಿ ತಿರುಗಿತು. ಓರೆಯಾಗಿ ಬಂದರು, ತಪ್ಪಿ ಬೇರೆಲ್ಲೋ ಹೋದರು, ಮತ್ತೆ ಓರೆಯಾಗಿ ಬಂದರು. ಸ್ವಾಮಿ ಕೊಡೆಯ ಕೆಳಗೆ ಕಾದರು, ನಾದಸ್ವರದವರು ಕಡಲೆಕಾಯಿ ತಿಂದರು. ಮುಹೂರ್ತ ಮೀರುತ್ತಿದೆ ಎಂದು ಆಚಾರ್ಯರು ಗೊಣಗಿದರು. ಪರೀಕ್ಷೆ ಇನ್ನೂ ಮುಗಿದಿಲ್ಲ ಎಂದು ಊರ್ಮಿಳಮ್ಮ ಹೇಳಿದರು.

ಕೊನೆಗೆ ದೋಣಿ ದಡ ಮುಟ್ಟಿತು. ರಾಯರ ತಲೆಯಲ್ಲಿ ಜೊಂಡು, ಕೊರಳಲ್ಲಿ ಟ್ಯೂಬು. ಮುಖ ಮಾತ್ರ ನಾನು ಅದುವರೆಗೆ ನೋಡಿರದ ಮುಖ. ಹಾಯಿಯ ಹಗ್ಗ ಇನ್ನೂ ಅವರ ಕೈಯಲ್ಲೇ ಇತ್ತು.

"ಏನೋ ಪಂಢರಿ," ಮಾಮಾ ನೀರಿಗೇ ಇಳಿದುಬಿಟ್ಟರು, ಮೊಣಕಾಲನ್ನು ಮರೆತು. "ಎಲ್ಲಾ ಶೆರಿಯಾಗಿದೆಯಾ? ಸ್ವಾಮಿನ ಕೂರಿಸಬಹುದಾ?"

ರಾಯರು ಎಡಗಡೆಯ ಗಂಟನ್ನು ಮುಟ್ಟಿ ನೋಡಿದರು. ಅದು ಬಿಗಿಯಾಗಿಯೇ ಇತ್ತು. ನಾನು ಹತ್ತಿರದಲ್ಲೇ ನಿಂತಿದ್ದೆ, ನನಗೆ ಗೊತ್ತು.

"ಈ ಕಟ್ಟು ಕೊಂಚ ಸಡಿಲ ಅನ್ಸತ್ತೆ ಮಾಮಾ," ಎಂದರು. "ಇನ್ನೊಂದು ಸುತ್ತು ಹೋಗಿ ನೋಡ್ಬಿಡ್ಬೇಕು."

"ಹೋಗಿ ಬನ್ನಿ," ಎಂದರು ಊರ್ಮಿಳಮ್ಮ ದಡದಿಂದ. "ದೇವರ ವಿಷಯ. ಅವಸರ ಮಾಡಬೇಡಿ."